ಪಾಠದ ವಿಡಿಯೋ ಯಾವುದರಲ್ಲಿ ರೆಕಾರ್ಡ್ ಮಾಡೋದು, ಎಲ್ಲಿ ಹಾಕೋದು? ಮಕ್ಕಳ ಕೈಯಲ್ಲಿರೋದು ಸಣ್ಣ ಫೋನ್

ಗಣಿತ_ಮಿಸ್

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಗಣಿತ ಒಂದರಲ್ಲೇ ಉಳಿದುಹೋದ ಮಕ್ಕಳಿಗೆ ಆನ್‌ಲೈನಿನಲ್ಲಿ ಪಾಠ ಹೇಳಿಕೊಡುತ್ತಿದ್ದೇನೆ. ಫೀಸು ಇಲ್ಲ. 43 ಮಕ್ಕಳಿದ್ದಾರೆ. ಮೊದಲ ವಾರ ಲೈವ್ ಕ್ಲಾಸ್ ಮಾಡಿದೆ. ಸೇರಿದವರು ಹತ್ತು ಹನ್ನೊಂದು ಮಂದಿ. ಉಳಿದವರಲ್ಲಿ ಕೆಲವರು ಆ ಹೊತ್ತಿಗೆ ಹೊಲದಿಂದ ಬಂದಿರುವುದಿಲ್ಲ. ಇನ್ನು ಕೆಲವರ ಮನೆಯಲ್ಲಿ ಇರುವುದು ಅಪ್ಪನ ಫೋನ್ ಒಂದೇ, ಅದು ರಾತ್ರಿ ಒಂಬತ್ತರ ಮೇಲೆ ಕೈಗೆ ಸಿಗುತ್ತದೆ. ಹಾಗಾಗಿ ರೆಕಾರ್ಡ್ ಮಾಡಿ ಕಳಿಸೋಣ ಎಂದುಕೊಂಡೆ.

ಮೊನ್ನೆ ವರ್ಗ ಸಮೀಕರಣದ ಪಾಠ ರೆಕಾರ್ಡ್ ಮಾಡುತ್ತಾ ಕೂತಿದ್ದೆ. 38ನೇ ನಿಮಿಷಕ್ಕೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು, ಕೂಡಲೇ ಆಫ್ ಆಯಿತು. ಫೈಲ್ ಏನೋ ಇದೆ, 800 ಎಂಬಿ ಅಂತ ತೋರಿಸುತ್ತದೆ. ಆದರೆ ಯಾವ ಪ್ಲೇಯರಿನಲ್ಲೂ ತೆರೆಯುವುದಿಲ್ಲ. ಸೂತ್ರ ಎಲ್ಲಿಂದ ಬಂತು ಅನ್ನುವುದನ್ನು ಅಷ್ಟು ಸಮಾಧಾನವಾಗಿ ನಾನು ಯಾವತ್ತೂ ಹೇಳಿರಲಿಲ್ಲ. ತುಂಬಾ ಬೇಜಾರಾಯಿತು.

ನನ್ನ ಹತ್ತಿರ ಇರುವುದು ಇಷ್ಟು: 8 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್, ಒಂದು ಆಂಡ್ರಾಯ್ಡ್ ಫೋನ್, ವೈರ್ ಇರುವ ಇಯರ್‌ಫೋನ್. ತಿಂಗಳಿಗೆ ದುಡ್ಡು ಕಟ್ಟುವಂಥದ್ದು ಬೇಡ. ಯಾವುದರಲ್ಲಿ ರೆಕಾರ್ಡ್ ಮಾಡಲಿ, ಎಲ್ಲಿ ಹಾಕಲಿ? ಮಾಡಿ ನೋಡಿದವರು ಹೇಳಿ.

ಲಿನಕ್ಸ್_ಲೋಕ

ಮಿಸ್, ಮೊದಲು ಆ ಫೈಲ್ ಡಿಲೀಟ್ ಮಾಡಬೇಡಿ. ಉಳಿಸಿಕೊಳ್ಳುವ ದಾರಿ ಇದೆ.

ಅದು ಎಂಪಿ4 ಫೈಲ್ ಅಲ್ವಾ? ಎಂಪಿ4ನಲ್ಲಿ ಯಾವ ಚಿತ್ರ ಎಲ್ಲಿದೆ, ಯಾವ ಧ್ವನಿ ಎಲ್ಲಿದೆ ಎಂಬ ಸೂಚಿ ಇರುತ್ತದೆ. ರೆಕಾರ್ಡಿಂಗ್ ನಿಲ್ಲಿಸಿದ ಮೇಲೆಯೇ ಅದನ್ನು ಫೈಲಿಗೆ ಬರೆಯುವುದು. ನಡುವೆ ಕರೆಂಟ್ ಹೋದರೆ ಪುಟಗಳೆಲ್ಲ ಇರುತ್ತವೆ, ಪರಿವಿಡಿ ಇರುವುದಿಲ್ಲ. ಪ್ಲೇಯರಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. 'ಅನ್‌ಟ್ರಂಕ್' ಅನ್ನುವ ಉಚಿತ ತಂತ್ರಾಂಶ ಇದೆ. ಅದೇ ಲ್ಯಾಪ್‌ಟಾಪಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ಒಂದು ನಿಮಿಷದ ಹೊಸ ವಿಡಿಯೋ ರೆಕಾರ್ಡ್ ಮಾಡಿ ಅದರ ಪಕ್ಕದಲ್ಲಿ ಕೊಡಿ. ಒಳ್ಳೆಯ ಫೈಲ್ ನೋಡಿ ಕೆಟ್ಟದ್ದರ ಸೂಚಿಯನ್ನು ಅದು ಮತ್ತೆ ಕಟ್ಟಲು ನೋಡುತ್ತದೆ. ಪ್ರತಿ ಸಲವೂ ಆಗುತ್ತದೆ ಅಂತಲ್ಲ. ಆದರೂ ಒಂದು ಸಲ ನೋಡಲೇಬೇಕು.

ಇನ್ನು ಮುಂದಕ್ಕೆ ಲ್ಯಾಪ್‌ಟಾಪಿನ ಪರದೆ, ಧ್ವನಿ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೋ ಬಳಸಿ. 2012ರಿಂದ ಇದೆ, ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ವಾಟರ್‌ಮಾರ್ಕ್ ಹಾಕುವುದಿಲ್ಲ, ಇಷ್ಟೇ ನಿಮಿಷ ಎಂಬ ಮಿತಿ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್‌ಗೆ ಹೋಗಿ ರೆಕಾರ್ಡಿಂಗ್ ಫಾರ್ಮ್ಯಾಟ್ ಎಂಕೆವಿ ಅಂತ ಇಡಿ. ಎಂಕೆವಿ ಫೈಲಿನಲ್ಲಿ ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನ ಪಾಠ ತೆರೆಯುತ್ತದೆ. ಆಮೇಲೆ ಫೈಲ್ ಮೆನುವಿನಲ್ಲಿ 'ರೀಮಕ್ಸ್ ರೆಕಾರ್ಡಿಂಗ್ಸ್' ಒತ್ತಿದರೆ ಅದೇ ವಿಡಿಯೋ ಎಂಪಿ4 ಆಗುತ್ತದೆ. ಗುಣಮಟ್ಟ ಸ್ವಲ್ಪವೂ ಕಡಿಮೆಯಾಗುವುದಿಲ್ಲ, ಸಮಯವೂ ಹಿಡಿಯುವುದಿಲ್ಲ.

ಹಿಂದಿನ_ಬೆಂಚು

ನಾನು ಶಿಕ್ಷಕನಲ್ಲ. ಗಣಿತದಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲ ಫೋನಿನಲ್ಲಿ ಪಾಠ ನೋಡಿಕೊಂಡು ಪಾಸಾದವನು. ಈಗ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದೇನೆ. ನೋಡುವವರ ಕಡೆಯಿಂದ ಹೇಳುತ್ತೇನೆ.

ನಮ್ಮ ಮನೆಯಲ್ಲಿ ದಿನಕ್ಕೆ 1.5 ಜಿಬಿ ಪ್ಯಾಕು. ಅದರಲ್ಲಿ ಅಕ್ಕನ ಕೆಲಸ, ಅಪ್ಪನ ಸುದ್ದಿ, ನನ್ನ ಪಾಠ ಎಲ್ಲ ಆಗಬೇಕಿತ್ತು. 800 ಎಂಬಿಯ ಪಾಠ ಬಂದರೆ ನಾನು ಮುಟ್ಟುತ್ತಲೇ ಇರಲಿಲ್ಲ. ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಡೇಟಾನೂ ಹೋಯಿತು, ಪಾಠವೂ ಹೋಯಿತು. ಫೋನಿನಲ್ಲಿ ಸ್ಟೋರೇಜ್ ಫುಲ್ ಅಂತ ಬೇರೆ ಬರುತ್ತಿತ್ತು.

ಎರಡನೆಯದು, ಅಕ್ಷರ. ದೊಡ್ಡ ಬೋರ್ಡಿನ ಮುಂದೆ ನಿಂತು ಪಾಠ ಮಾಡಿದ ವಿಡಿಯೋಗಳಲ್ಲಿ ಘಾತ ಸಂಖ್ಯೆ ಕಾಣುತ್ತಲೇ ಇರಲಿಲ್ಲ. ಎಕ್ಸ್ ಸ್ಕ್ವೇರ್ ಹೌದೋ ಅಲ್ಲವೋ ಅಂತ ಊಹೆ ಮಾಡಿ ಬರೆದುಕೊಳ್ಳುತ್ತಿದ್ದೆ. ಒಬ್ಬ ಸರ್ ನೋಟ್‌ಬುಕ್ಕಿನ ಮೇಲೆ ಫೋನ್ ಇಟ್ಟು ಬರೀ ಕೈ ಮತ್ತು ಪೆನ್ನು ತೋರಿಸುತ್ತಿದ್ದರು. ಅದು ನನಗೆ ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗೆ ಇತ್ತು.

ಮೂರನೆಯದು, ಹೆಸರು. ಗ್ರೂಪಿನಲ್ಲಿ ಬಂದ ಫೈಲಿಗೆ ಬರೀ ತಾರೀಖು, ಅಂಕೆ. ಪರೀಕ್ಷೆಯ ಹಿಂದಿನ ರಾತ್ರಿ ಶೋಧಕದ ಪಾಠ ಯಾವುದು ಅಂತ ಹುಡುಕಲು ಇಪ್ಪತ್ತು ವಿಡಿಯೋ ತೆರೆದು ನೋಡಿದ್ದು ನೆನಪಿದೆ. 'ಪಾಠ 4, ಭಾಗ 2, ಶೋಧಕ' ಅಂತ ಬರೆದು ಕಳಿಸಿ ಮಿಸ್, ಅಷ್ಟು ಸಾಕು.

ಗಣಿತ_ಮಿಸ್

ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನು ಇಲ್ಲಿಯ ತನಕ ನನ್ನ ಲ್ಯಾಪ್‌ಟಾಪಿಗೆ ಯಾವುದು ಸರಿ ಅಂತಲೇ ಯೋಚಿಸುತ್ತಿದ್ದೆ. ಯೋಚನೆಯನ್ನು ಆ ಮಗುವಿನ ಫೋನಿನಿಂದ ಶುರು ಮಾಡಬೇಕಿತ್ತು.

ಧ್ವನಿಪ್ರಿಯ

ಸಮುದಾಯ ರೇಡಿಯೋದಲ್ಲಿ ಏಳು ವರ್ಷ ಕೆಲಸ ಮಾಡಿದ್ದೇನೆ. ಒಂದು ಮಾತು ಹೇಳುತ್ತೇನೆ. ಚಿತ್ರ ಸ್ವಲ್ಪ ಮಸುಕಾದರೆ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎರಡು ನಿಮಿಷದಲ್ಲಿ ಮುಚ್ಚುತ್ತಾರೆ. ಹಾಗಾಗಿ ಸಾಫ್ಟ್‌ವೇರ್ ಹುಡುಕುವ ಮೊದಲು ಕೋಣೆ ಹುಡುಕಿ.

ಸಿಮೆಂಟ್ ಗೋಡೆ, ಟೈಲ್ಸ್ ನೆಲ, ಖಾಲಿ ಕೋಣೆ ಅಂದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಇದನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿ ತೆಗೆಯಲಾರದು. ನಿಮ್ಮ ಕಡೆ ಮನೆಮನೆಯಲ್ಲೂ ಕೌದಿ ಇರುತ್ತದೆ. ಎರಡು ದಪ್ಪ ಕೌದಿ ತೆಗೆದುಕೊಳ್ಳಿ. ಒಂದನ್ನು ನಿಮ್ಮ ಎದುರಿನ ಗೋಡೆಗೆ ತೂಗುಹಾಕಿ, ನಿಮ್ಮ ಮಾತು ಹೋಗಿ ಬಡಿಯುವುದು ಅಲ್ಲಿಗೇ. ಇನ್ನೊಂದನ್ನು ಮೇಜಿನ ಮೇಲೆ ಹಾಸಿ. ಹಳೇ ಬಟ್ಟೆಗಳನ್ನು ಪದರ ಪದರ ಸೇರಿಸಿ ಹೊಲಿದದ್ದು, ಧ್ವನಿ ಹೀರಿಕೊಳ್ಳುವುದಕ್ಕೆ ಅದಕ್ಕಿಂತ ಚೆನ್ನಾದ್ದು ಅಂಗಡಿಯಲ್ಲಿ ಹುಡುಕಬೇಕಾಗಿಲ್ಲ.

ಮೈಕು ಬಾಯಿಂದ ಒಂದು ಗೇಣು ದೂರ ಇರಲಿ. ಲ್ಯಾಪ್‌ಟಾಪಿನ ಒಳಗಿನ ಮೈಕು ಎರಡು ಮೂರು ಗೇಣು ದೂರ ಇರುತ್ತದೆ, ಫ್ಯಾನು, ಕೀಬೋರ್ಡು ಎಲ್ಲ ಅದಕ್ಕೆ ನಿಮಗಿಂತ ಹತ್ತಿರ. ನಿಮ್ಮ ವೈರ್ ಇಯರ್‌ಫೋನಿನ ಮೈಕು ಅದಕ್ಕಿಂತ ಎಷ್ಟೋ ವಾಸಿ. ಆದರೆ ಸೆರಗಿಗೆ ತಾಗಿದರೆ ಪ್ರತಿ ಸಲ ಕೈ ಆಡಿಸಿದಾಗ ಸರಕ್ ಸರಕ್ ಅನ್ನುತ್ತದೆ. ಸೆರಗು ಯಾವ ಕಡೆಯೋ ಅದರ ಎದುರು ಕಡೆಗೆ ಕ್ಲಿಪ್ ಹಾಕಿ ಸಿಕ್ಕಿಸಿ. ವೈರಿನಲ್ಲಿ ಒಂದು ಸಣ್ಣ ಸುತ್ತು ಬಿಟ್ಟು ಸೇಫ್ಟಿ ಪಿನ್ ಹಾಕಿದರೆ ಎಳೆತ ಮೈಕಿಗೆ ತಲುಪುವುದಿಲ್ಲ. ಸೀಲಿಂಗ್ ಫ್ಯಾನ್ ಆಫ್ ಮಾಡಿ. ಸೆಕೆ ಆಗುತ್ತದೆ, ಏನೂ ಮಾಡಲಿಕ್ಕಾಗುವುದಿಲ್ಲ. ತಗಡಿನ ಮನೆಯಾದರೆ ಮಳೆ ಬರುವಾಗ ರೆಕಾರ್ಡ್ ಮಾಡಬೇಡಿ.

ಒಬಿಎಸ್‌ನಲ್ಲಿ ಧ್ವನಿಯ ಪಟ್ಟಿ ಹಸಿರು, ಹಳದಿ, ಕೆಂಪು ತೋರಿಸುತ್ತದೆ. ನಿಮ್ಮ ಮಾಮೂಲಿ ಮಾತು ಹಳದಿಯಲ್ಲಿ ಆಡಬೇಕು. ಕೆಂಪಿನ ಕೊನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ, ಆಮೇಲೆ ಸರಿ ಮಾಡಲಿಕ್ಕಾಗುವುದಿಲ್ಲ. ಮೈಕಿನ ಫಿಲ್ಟರ್‌ನಲ್ಲಿ 'ನಾಯ್ಸ್ ಸಪ್ರೆಶನ್' ಹಾಕಿ. ಗುಂಯ್ ಅನ್ನುವ ಸದ್ದು ಬಹಳ ಮಟ್ಟಿಗೆ ಹೋಗುತ್ತದೆ.

ಕರಾವಳಿ_ಕಂಠ

ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಸಂಗೀತ ಕಲಿಸುವವರು ನಾಯ್ಸ್ ಸಪ್ರೆಶನ್ ಹಾಕಬೇಡಿ.

ನಾನು ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಉಡುಪಿಯಲ್ಲಿ ಕೆಲವರು, ಮಸ್ಕತ್, ದುಬೈಯಲ್ಲಿ ಕೆಲವರು. ಮೊದಲ ತಿಂಗಳು ಒಂದು ಹುಡುಗಿ ಶ್ರುತಿ ಬಿಟ್ಟು ಹಾಡುತ್ತಲೇ ಇದ್ದಳು. ಎಷ್ಟು ತಿದ್ದಿದರೂ ಸರಿಯಾಗಲಿಲ್ಲ. ಕೊನೆಗೆ ಅವಳ ಅಮ್ಮ, "ಮೇಡಂ, ತಂಬೂರಿ ನಮಗೆ ಕೇಳಿಸುವುದೇ ಇಲ್ಲವಲ್ಲ" ಅಂದರು. ಎಡೆಬಿಡದೆ ಒಂದೇ ಸಮನೆ ಬರುವ ನಾದವನ್ನು ಆ ವ್ಯವಸ್ಥೆ ಫ್ಯಾನಿನ ಸದ್ದು ಅಂತ ತಿಳಿದು ಅಳಿಸುತ್ತಿತ್ತು. ಮಗುವಿನ ತಪ್ಪು ಏನೂ ಇರಲಿಲ್ಲ.

ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್' ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಧ್ವನಿಯನ್ನು ಹಾಗೇ ಬಿಡುತ್ತದೆ. ರೆಕಾರ್ಡ್ ಮಾಡುವಾಗಲೂ ಅಷ್ಟೇ, ಫಿಲ್ಟರ್ ಎಲ್ಲ ತೆಗೆದು, ಕೋಣೆಯನ್ನೇ ನಿಶ್ಶಬ್ದ ಮಾಡಿಕೊಳ್ಳಿ. ಪಾಠದ ವಿಷಯ ಯಾವುದು ಅಂತ ನೋಡದೆ ಉಪಕರಣ ಆರಿಸಬಾರದು ಅನ್ನುವುದು ನಾನು ಅವತ್ತು ಕಲಿತದ್ದು.

ಗಣಿತ_ಮಿಸ್

ಅನ್‌ಟ್ರಂಕ್ ನಡೆಸಿ ನೋಡಿದೆ. 31 ನಿಮಿಷದಷ್ಟು ಪಾಠ ಸಿಕ್ಕಿತು! ಕೊನೆಯಲ್ಲಿ ಧ್ವನಿ ಒಂದು ಚೂರು ಹಿಂದೆಮುಂದೆ ಆಗಿದೆ, ಆದರೆ ಸೂತ್ರದ ಭಾಗ ಪೂರ್ತಿ ಇದೆ. ಲಿನಕ್ಸ್_ಲೋಕ ಅವರಿಗೆ ಮನಸಾರೆ ಥ್ಯಾಂಕ್ಸ್.

ಅತ್ತೆಯ ಕೌದಿ ಗೋಡೆಗೆ ಹಾಕಿ ರೆಕಾರ್ಡ್ ಮಾಡಿ ಹಳೆಯದರ ಜೊತೆ ಕೇಳಿದೆ. ಇಷ್ಟು ವ್ಯತ್ಯಾಸ ಇರುತ್ತದೆ ಅಂತ ಗೊತ್ತೇ ಇರಲಿಲ್ಲ.

ಈಗ ಸೈಜಿನ ವಿಷಯ. ಫೈಲ್ ಚಿಕ್ಕದು ಮಾಡಿದರೆ ಅಂಕೆಗಳು ಕಲಸಿಹೋಗುವುದಿಲ್ಲವಾ?

ಲಿನಕ್ಸ್_ಲೋಕ

ನೀವು ಗಣಿತದವರು, ಲೆಕ್ಕದಲ್ಲೇ ಹೇಳುತ್ತೇನೆ. ಫೈಲಿನ ಸೈಜು ಎಂದರೆ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಮಾಹಿತಿ ಅನ್ನುವುದು) ಗುಣಿಸು ಸಮಯ, ಅಷ್ಟೇ. ಸೆಕೆಂಡಿಗೆ 1 ಮೆಗಾಬಿಟ್ ಅಂದರೆ ಒಂದು ಗಂಟೆಗೆ 3600 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ 450 ಎಂಬಿ. ನಿಮ್ಮ 800 ಎಂಬಿಯ ಫೈಲು ಸುಮಾರು 2.8 ಮೆಗಾಬಿಟ್‌ನಲ್ಲಿ ರೆಕಾರ್ಡ್ ಆಗಿದೆ. ಫೋನಿನ ಕ್ಯಾಮೆರಾ ಇನ್ನೂ ಜಾಸ್ತಿ ತಿನ್ನುತ್ತದೆ. 1080ಪಿಯಲ್ಲಿ ಹತ್ತು ನಿಮಿಷಕ್ಕೆ ಒಂದು ಜಿಬಿ ದಾಟುವ ಫೋನುಗಳು ಬೇಕಾದಷ್ಟಿವೆ.

ಪಾಠದ ವಿಡಿಯೋ ಸಿನಿಮಾ ಅಲ್ಲ. ಪುಟ ಅಲ್ಲಾಡುವುದಿಲ್ಲ, ಕೈ ಮಾತ್ರ ಓಡಾಡುತ್ತದೆ. ವಿಡಿಯೋ ಹಿಂಡುವ ಎಚ್.264 ವಿಧಾನದಲ್ಲಿ ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಯಿತೋ ಅದನ್ನೇ ಹೆಚ್ಚಾಗಿ ಉಳಿಸುವುದು. ಹಾಗಾಗಿ ನಿಂತ ಪುಟಕ್ಕೆ ಬಹಳ ಕಡಿಮೆ ಸಾಕು. 720ಪಿ ಇಟ್ಟುಕೊಳ್ಳಿ, ಸೆಕೆಂಡಿಗೆ 15 ಚಿತ್ರ, ವಿಡಿಯೋಗೆ 500 ಕಿಲೋಬಿಟ್, ಧ್ವನಿಗೆ ಮೋನೋದಲ್ಲಿ 64 ಕಿಲೋಬಿಟ್. ಹತ್ತು ನಿಮಿಷಕ್ಕೆ ಎಷ್ಟಾಯಿತು? 564 ಗುಣಿಸು 600 ಭಾಗಿಸು 8. ಸುಮಾರು 42 ಎಂಬಿ.

ಇದಕ್ಕೆ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶ ಬಳಸಿ. ರಾತ್ರಿ ಫೈಲ್ ಕೊಟ್ಟು ಮಲಗಿದರೆ ಬೆಳಗ್ಗೆ ಮುಗಿದಿರುತ್ತದೆ. ಅಲ್ಲಾಡುವ ಫೋನಿನಿಂದ ತೆಗೆದ ವಿಡಿಯೋ ಆದರೆ ಈ ಲೆಕ್ಕ ನಡೆಯುವುದಿಲ್ಲ, ಪ್ರತಿ ಚಿತ್ರವೂ ಬದಲಾಗುತ್ತಿರುತ್ತದೆ, ಅಂಕೆ ಕಲಸಿಹೋಗುತ್ತದೆ. ಕ್ಯಾಮೆರಾ ಗಟ್ಟಿಯಾಗಿ ನಿಲ್ಲಿಸುವುದು ಬರೀ ಚೆಂದಕ್ಕಲ್ಲ, ಸೈಜಿಗೂ ಅದೇ ಆಧಾರ.

ಪಿಯು_ಮೇಷ್ಟ್ರು

ಫೋನ್ ನಿಲ್ಲಿಸುವುದು ನಾನು ಹೇಳುತ್ತೇನೆ. 2020ರಲ್ಲಿ ಶಾಲೆ ಮುಚ್ಚಿ, ಚಂದನ ವಾಹಿನಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಾಠ ಬರುತ್ತಿದ್ದ ಹೊತ್ತಿನಲ್ಲಿ ನಾನೂ ಮನೆಯಲ್ಲಿ ಕೂತು ಭೌತಶಾಸ್ತ್ರದ ವಿಡಿಯೋ ಮಾಡಿದೆ. ಆಗ ಕಲಿತದ್ದನ್ನು ಈಗಲೂ ಮಾಡುತ್ತಿದ್ದೇನೆ.

ಒಂದೂವರೆ ಅಡಿ ಎತ್ತರಕ್ಕೆ ಪುಸ್ತಕಗಳ ಎರಡು ರಾಶಿ. ಎರಡೂ ರಾಶಿಯ ಮೇಲೆ ಅಡ್ಡಲಾಗಿ ಬೋರ್ಡಿನ ಮರದ ಸ್ಕೇಲು ಎರಡು, ನಡುವೆ ಮೂರು ಬೆರಳು ಸಂದು. ಆ ಸಂದಿನ ಮೇಲೆ ಫೋನ್ ಮಲಗಿಸಿ, ಕ್ಯಾಮೆರಾ ಕಣ್ಣು ಕೆಳಗೆ ನೋಡಬೇಕು. ರಬ್ಬರ್ ಬ್ಯಾಂಡ್ ಹಾಕಿ ಬಿಗಿ ಮಾಡಿ. ಕಿಟಕಿ ನಿಮ್ಮ ಎಡಗಡೆ ಇರಲಿ. ಬಲಗೈಯಲ್ಲಿ ಬರೆಯುವವರಿಗೆ ಆಗ ಬರೆಯುವ ಜಾಗದ ಮೇಲೆ ಕೈಯ ನೆರಳು ಬೀಳುವುದಿಲ್ಲ. ಎಡಗೈಯವರು ಉಲ್ಟಾ ಮಾಡಿಕೊಳ್ಳಿ.

ರೆಕಾರ್ಡ್ ಒತ್ತುವ ಮೊದಲು ಪರದೆಯ ಮೇಲೆ ಪುಟದ ನಡುವೆ ಬೆರಳನ್ನು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಫೋಕಸ್ ಮತ್ತು ಬೆಳಕು ಎರಡೂ ಅಲ್ಲಿಗೆ ಬೀಗ ಹಾಕಿದಂತೆ ನಿಲ್ಲುತ್ತವೆ. ಇಲ್ಲದಿದ್ದರೆ ಪ್ರತಿ ಸಲ ಕೈ ಬಂದಾಗ ಫೋಕಸ್ ಕೈಯ ಮೇಲೆ ಹೋಗುತ್ತದೆ, ಅಕ್ಷರ ಮಸುಕಾಗುತ್ತದೆ, ಮತ್ತೆ ಬರುತ್ತದೆ. ನೋಡುವವರಿಗೆ ತಲೆನೋವು. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ನಡುವೆ ಕರೆ ಬಂದು ರೆಕಾರ್ಡಿಂಗ್ ನಿಂತ ಕಥೆ ಎಷ್ಟೋ ಇವೆ. ಬಾಲ್ ಪೆನ್ ಬೇಡ, ಸ್ಕೆಚ್ ಪೆನ್ನು ಇರಲಿ. ಒಂದು ಪುಟಕ್ಕೆ ಐದಾರು ಸಾಲಿಗಿಂತ ಜಾಸ್ತಿ ಬರೆಯಬೇಡಿ.

ಹಾಕುವುದು ಯೂಟ್ಯೂಬ್‌ನಲ್ಲಿ. 'ಅನ್‌ಲಿಸ್ಟೆಡ್' ಅಂತ ಇಟ್ಟರೆ ಹುಡುಕಿದವರಿಗೆ ಸಿಗುವುದಿಲ್ಲ, ಲಿಂಕ್ ಇದ್ದವರು ನೋಡಬಹುದು. ಹೊಸ ಖಾತೆಯಲ್ಲಿ 15 ನಿಮಿಷಕ್ಕಿಂತ ಉದ್ದದ್ದು ಹಾಕಲು ಬಿಡುವುದಿಲ್ಲ, ಫೋನ್ ನಂಬರ್ ಕೊಟ್ಟು ಖಾತರಿ ಮಾಡಿಕೊಂಡರೆ ಬಿಡುತ್ತದೆ. ದುಡ್ಡಿಲ್ಲ, ಜಾಗದ ಚಿಂತೆ ಇಲ್ಲ. ನೆಟ್ ನಿಧಾನ ಇದ್ದವರಿಗೆ 144ಪಿ ತನಕ ತಾನೇ ಇಳಿಸಿ ಕೊಡುತ್ತದೆ. ಇಷ್ಟು ಸೌಲಭ್ಯ ನಾವು ಸ್ವಂತವಾಗಿ ಕಟ್ಟಲಿಕ್ಕಾಗುವುದಿಲ್ಲ.

ಹಿಂದಿನ_ಬೆಂಚು

ಮೇಷ್ಟ್ರೇ, ಯೂಟ್ಯೂಬ್ ನನಗೂ ಉಪಕಾರ ಮಾಡಿದೆ. ಆದರೆ ಒಂದು ತೊಂದರೆ ಹೇಳಲೇಬೇಕು. ಪಾಠ ಮುಗಿಯುವುದರೊಳಗೆ ಪಕ್ಕದಲ್ಲಿ ಬೇರೆ ಏನೋ ಕರೆಯುತ್ತಿರುತ್ತದೆ. ಹದಿನಾರು ವರ್ಷದ ನನಗೆ ಅದನ್ನು ಬಿಟ್ಟು ಪಾಠಕ್ಕೆ ವಾಪಸ್ ಬರುವುದು ಕಷ್ಟವಾಗುತ್ತಿತ್ತು. ಅದೇ ವಿಡಿಯೋ ಫೈಲಾಗಿ ಫೋನಿನಲ್ಲಿ ಇದ್ದರೆ ನೋಡಿ ಮುಗಿಸುತ್ತಿದ್ದೆ. ಒಂದು ಸಲ ಇಳಿಸಿಕೊಂಡರೆ ಹತ್ತು ಸಲ ನೋಡಬಹುದು, ಮತ್ತೆ ಡೇಟಾ ಬೇಡ. ಕಷ್ಟದ ಲೆಕ್ಕವನ್ನು ನಾವು ಒಂದು ಸಲ ನೋಡಿ ಬಿಡುವುದಿಲ್ಲವಲ್ಲ.

ಲಿನಕ್ಸ್_ಲೋಕ

ಹಾಗಾದರೆ ಟೆಲಿಗ್ರಾಂ ಚಾನೆಲ್ ನೋಡಿ. ಒಂದು ಫೈಲ್ 2 ಜಿಬಿ ತನಕ ಹಾಕಬಹುದು. ಹೊಸದಾಗಿ ಸೇರಿದ ಮಗುವಿಗೂ ಮೊದಲ ಪಾಠದಿಂದ ಎಲ್ಲ ಸಿಗುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ತಡವಾಗಿ ಸೇರಿದವರಿಗೆ ಹಿಂದಿನ ಪಾಠಗಳೆಲ್ಲ ತಾವಾಗಿ ಸಿಗುವುದಿಲ್ಲ, ಮತ್ತೆ ಮತ್ತೆ ಫಾರ್ವರ್ಡ್ ಮಾಡುತ್ತಾ ಕೂರಬೇಕು. ವಾಟ್ಸಾಪೇ ಬೇಕೆಂದರೆ ವಿಡಿಯೋವನ್ನು 'ಡಾಕ್ಯುಮೆಂಟ್' ಆಗಿ ಕಳಿಸಿ. ವಿಡಿಯೋ ಆಗಿ ಕಳಿಸಿದರೆ ಅದು ತನ್ನ ಲೆಕ್ಕದಲ್ಲಿ ಮತ್ತೊಮ್ಮೆ ಹಿಂಡುತ್ತದೆ, ನೀವು ಜೋಪಾನ ಮಾಡಿದ ಅಂಕೆಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಆದರೆ ಇದ್ದ ಹಾಗೇ ಹೋಗುತ್ತದೆ, ಅಲ್ಲೂ 2 ಜಿಬಿ ಮಿತಿ.

ಗೂಗಲ್ ಡ್ರೈವ್ ಅನ್ನು ನಾನು ಮೂಲ ಫೈಲ್ ಇಟ್ಟುಕೊಳ್ಳಲು ಮಾತ್ರ ಬಳಸುತ್ತೇನೆ. ಉಚಿತವಾಗಿ ಸಿಗುವ 15 ಜಿಬಿಯನ್ನು ಜಿಮೇಲ್, ಫೋಟೋಗಳ ಜೊತೆ ಹಂಚಿಕೊಳ್ಳಬೇಕು. ಅಲ್ಲಿಂದ ಲಿಂಕ್ ಕೊಡುವುದಾದರೆ 'ಲಿಂಕ್ ಇರುವ ಯಾರಾದರೂ' ಅಂತ ಬದಲಿಸುವುದು ಮರೆಯಬೇಡಿ. ಇಲ್ಲದಿದ್ದರೆ "ಮಿಸ್, ಓಪನ್ ಆಗ್ತಿಲ್ಲ" ಅಂತ 43 ಮೆಸೇಜು ಬರುತ್ತದೆ.

ಹೊರನಾಡ_ಅಮ್ಮ

ನ್ಯೂಜೆರ್ಸಿಯಲ್ಲಿ ವಾರಕ್ಕೊಂದು ದಿನ ಕನ್ನಡ ಕಲಿಸುವ ಗುಂಪಿನಲ್ಲಿದ್ದೇನೆ. ನಮಗೆ ಡೇಟಾದ ಚಿಂತೆ ಇಲ್ಲ. ನಮ್ಮ ಚಿಂತೆ ಮಕ್ಕಳ ಮುಖ.

ಲೈವ್ ಕ್ಲಾಸನ್ನೇ ರೆಕಾರ್ಡ್ ಮಾಡಿ ಲಿಂಕ್ ಹಂಚುತ್ತಿದ್ದೆವು. ಒಂದು ದಿನ ಒಬ್ಬ ಹುಡುಗ 'ಳ' ಹೇಳಲು ಕಷ್ಟಪಟ್ಟ. ಇನ್ನೊಬ್ಬ ನಕ್ಕ. ಅದೆಲ್ಲ ರೆಕಾರ್ಡ್ ಆಗಿತ್ತು. ಆ ಲಿಂಕ್ ಯಾರಿಂದಲೋ ಬೇರೆ ಗುಂಪಿಗೆ ಹೋಯಿತು. ಆ ಹುಡುಗ ಎರಡು ತಿಂಗಳು ಕ್ಲಾಸಿಗೆ ಬರಲಿಲ್ಲ. ಇವತ್ತಿಗೂ ನನಗೆ ಆ ವಿಷಯ ನೋವು ಕೊಡುತ್ತದೆ.

ಅಂದಿನಿಂದ ನಾವು ಪಾಠವನ್ನು ಬೇರೆಯಾಗಿ, ಮಕ್ಕಳಿಲ್ಲದೆ, ರೆಕಾರ್ಡ್ ಮಾಡುತ್ತೇವೆ. ಲೈವ್ ಕ್ಲಾಸ್ ಮಾತುಕತೆಗೆ, ತಪ್ಪು ಮಾಡುವುದಕ್ಕೆ, ಮತ್ತೆ ಹೇಳುವುದಕ್ಕೆ. ಅದು ಎಲ್ಲೂ ಉಳಿಯುವುದಿಲ್ಲ. ಅನ್‌ಲಿಸ್ಟೆಡ್ ಅಂದರೆ ಗುಟ್ಟು ಅಂತಲ್ಲ, ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು, ಮುಂದಕ್ಕೆ ಕಳಿಸಬಹುದು. ಭಾರತದಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಹದಿನೆಂಟು ತುಂಬದವರನ್ನು ಮಕ್ಕಳು ಅಂತಲೇ ನೋಡುತ್ತದೆ. ಅವರ ಮಾಹಿತಿ ಬಳಸುವುದಕ್ಕೆ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಮಗುವಿನ ಮುಖ, ಹೆಸರು, ಧ್ವನಿ ಪಾಠದ ವಿಡಿಯೋದಲ್ಲಿ ಬೇಡ ಮಿಸ್.

ಇನ್ನೊಂದು ಸಣ್ಣ ವಿಷಯ. ಚಿಕ್ಕ ಮಕ್ಕಳ ವಿಡಿಯೋಗೆ ಯೂಟ್ಯೂಬ್‌ನಲ್ಲಿ 'ಮೇಡ್ ಫಾರ್ ಕಿಡ್ಸ್' ಅಂತ ಗುರುತು ಹಾಕಿದರೆ ಕಾಮೆಂಟ್ ಮುಚ್ಚಿಹೋಗುತ್ತದೆ. ನಮಗೆ ಅದೇ ಬೇಕಿತ್ತು.

ಗಣಿತ_ಮಿಸ್

ಆ ಹುಡುಗನ ವಿಷಯ ಓದಿ ಕೂಡಲೇ ಮೊದಲ ವಾರದ ಲೈವ್ ರೆಕಾರ್ಡಿಂಗ್‌ಗಳನ್ನು ಅಳಿಸಿದೆ. ಅದರಲ್ಲಿ ಒಂದು ಹುಡುಗಿ ಮಗ್ಗಿ ತಪ್ಪಿದ್ದು ಇತ್ತು. ನನಗೆ ಹೊಳೆದೇ ಇರಲಿಲ್ಲ.

ಕೋರ್ಸ್_ಕಟ್ಟೋರು

ಉದ್ದದ ಬಗ್ಗೆ ಯಾರೂ ಮಾತಾಡಲಿಲ್ಲ. 2014ರಲ್ಲಿ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕೆಯ ತಾಣದ ಕೋರ್ಸ್‌ಗಳ ಮೇಲೆ ಒಂದು ಅಧ್ಯಯನ ಬಂತು. 69 ಲಕ್ಷ ಸಲ ವಿಡಿಯೋ ನೋಡಿದ್ದರ ದಾಖಲೆ ಇಟ್ಟುಕೊಂಡು ಮಾಡಿದ್ದು. ವಿಡಿಯೋ ಎಷ್ಟೇ ಉದ್ದ ಇದ್ದರೂ ಜನ ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಜಾಸ್ತಿ ಗಮನ ಕೊಡುವುದಿಲ್ಲ ಎಂದು ಕಂಡಿತು. ಇನ್ನೊಂದು ಅಂಶವೂ ಅದರಲ್ಲಿತ್ತು. ಸ್ಲೈಡ್ ತೋರಿಸಿ ಮಾತಾಡುವುದಕ್ಕಿಂತ ಕೈಯಿಂದ ಬರೆಯುತ್ತಾ ಹೇಳಿದ ಪಾಠಗಳನ್ನು ಜನ ಹೆಚ್ಚು ಹೊತ್ತು ನೋಡುತ್ತಾರೆ. ಹಿಂದಿನ_ಬೆಂಚು ಹೇಳಿದ ಕೈ ಮತ್ತು ಪೆನ್ನು, ಅದೇ ಇದು.

40 ನಿಮಿಷದ ಪಾಠವನ್ನು ಆರು ಏಳು ತುಂಡು ಮಾಡಿ. ಕರೆಂಟ್ ಹೋದರೂ ಒಂದು ತುಂಡು ಹೋಗುತ್ತದೆ, ಪಾಠ ಹೋಗುವುದಿಲ್ಲ. ತಪ್ಪಾದರೆ ಆ ತುಂಡನ್ನೇ ಮತ್ತೆ ಮಾಡಬಹುದು, ಎಡಿಟಿಂಗ್ ಕಲಿಯುವ ಅಗತ್ಯವೇ ಬೀಳುವುದಿಲ್ಲ. ಬೇಕೇ ಬೇಕು ಅಂದರೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಸಾಕು, ಎರಡೂ ಉಚಿತ.

ಮುಂದೆ ಕೋರ್ಸ್ ದೊಡ್ಡದಾದರೆ ಮೂಡಲ್ ನೋಡಿ, ಆನ್‌ಲೈನ್ ಕೋರ್ಸ್ ನಡೆಸಲು 2002ರಿಂದ ಇರುವ ಮುಕ್ತ ತಂತ್ರಾಂಶ. ಅದರಲ್ಲಿ ಎಚ್5ಪಿ ಅನ್ನುವ ಪೂರಕ ಸಾಧನ ಹಾಕಿದರೆ ವಿಡಿಯೋ ನಡುವೆ ನಿಲ್ಲಿಸಿ ಪ್ರಶ್ನೆ ಕೇಳಬಹುದು. ಆದರೆ 43 ಮಕ್ಕಳಿಗೆ, ಎರಡು ತಿಂಗಳಿಗೆ, ಒಬ್ಬರೇ ಶಿಕ್ಷಕಿ ಅದನ್ನೆಲ್ಲ ನಡೆಸುವುದು ನನ್ನ ಪ್ರಕಾರ ಬೇಡ.

ಪಿಯು_ಮೇಷ್ಟ್ರು

ಆರು ನಿಮಿಷದ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಆ ಅಧ್ಯಯನ ಹೇಳುವುದು ಎಷ್ಟು ಹೊತ್ತು ನೋಡುತ್ತಾರೆ ಎಂದು, ಎಷ್ಟು ಕಲಿಯುತ್ತಾರೆ ಎಂದಲ್ಲ. ಕೆಲವು ಲೆಕ್ಕ ಹದಿಮೂರು ಹದಿನಾಲ್ಕು ನಿಮಿಷ ಬೇಡುತ್ತವೆ. ಪೂರ್ಣವರ್ಗ ಮಾಡುವುದನ್ನು ಅರ್ಧಕ್ಕೆ ಕತ್ತರಿಸಿದರೆ ಮಗುವಿನ ತಲೆಯಲ್ಲಿ ಎಳೆಯೂ ಕತ್ತರಿಸುತ್ತದೆ. ನಮ್ಮ ಎನ್‌ಪಿಟಿಇಎಲ್ ನೋಡಿ. ಎಂಜಿನಿಯರಿಂಗ್, ವಿಜ್ಞಾನದ ಪಾಠಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ ಕೊಡಲು 2003ರಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್ಸಿ ಸೇರಿ ಶುರು ಮಾಡಿದ್ದು. ಅಲ್ಲಿ ಒಂದೊಂದು ಗಂಟೆಯ ಪಾಠಗಳಿವೆ, ಅದನ್ನು ನೋಡಿ ಕಲಿತವರು ದೇಶದ ತುಂಬ ಇದ್ದಾರೆ.

ಕೋರ್ಸ್_ಕಟ್ಟೋರು

ಮೇಷ್ಟ್ರ ಮಾತು ಸರಿ. ಅಲ್ಲಿ ನೋಡುವವರು ತಾವಾಗಿ ಬಂದ ಎಂಜಿನಿಯರಿಂಗ್ ಮಕ್ಕಳು, ಇಲ್ಲಿರುವವರು ಒಮ್ಮೆ ಸೋತು ಹೆದರಿದ ಮಕ್ಕಳು, ಆ ವ್ಯತ್ಯಾಸ ಇದೆ. ಗಡಿಯಾರ ನೋಡಿ ಕತ್ತರಿಸುವುದು ಬೇಡ. ಒಂದು ಲೆಕ್ಕಕ್ಕೆ ಒಂದು ವಿಡಿಯೋ ಅಂತ ಇಡೋಣ. ಉದ್ದದ್ದು ಯೂಟ್ಯೂಬ್‌ಗೆ ಹಾಕುವುದಾದರೆ ವಿವರಣೆಯಲ್ಲಿ 0:00ರಿಂದ ಶುರು ಮಾಡಿ ಸಮಯ, ಪಕ್ಕದಲ್ಲಿ ವಿಷಯ ಬರೆಯಿರಿ. ಕನಿಷ್ಠ ಮೂರು ಸಾಲು ಇದ್ದರೆ ತಾನೇ ಅಧ್ಯಾಯಗಳಾಗಿ ಭಾಗವಾಗುತ್ತದೆ. ಬೇಕಾದ ಜಾಗಕ್ಕೆ ನೇರ ಹೋಗಬಹುದು.

ಧ್ವನಿಪ್ರಿಯ

ನೆಟ್ ಇಲ್ಲದ ಮಕ್ಕಳು ಎಷ್ಟು ಮಂದಿ ಮಿಸ್? ಇದ್ದರೆ ಕೋಲಿಬ್ರಿ ಅನ್ನುವ ಮುಕ್ತ ತಂತ್ರಾಂಶ ನೋಡಿ. ಶಾಲೆಯ ಒಂದು ಹಳೇ ಕಂಪ್ಯೂಟರಿನಲ್ಲೋ, ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಷ್ಟಿನ ಕಂಪ್ಯೂಟರಿನಲ್ಲೋ ಪಾಠಗಳನ್ನು ತುಂಬಿ ವೈಫೈ ಹಾಕಿಟ್ಟರೆ ಇಂಟರ್‌ನೆಟ್ ಇಲ್ಲದೆಯೇ ಮಕ್ಕಳು ಫೋನಿನಲ್ಲಿ ನೋಡುತ್ತಾರೆ. ಅಷ್ಟು ಬೇಡ ಎಂದರೆ ಮೆಮೊರಿ ಕಾರ್ಡಿಗೆ ಕಾಪಿ ಮಾಡಿಕೊಟ್ಟರೂ ಆದೀತು. 42 ಎಂಬಿಯ ಲೆಕ್ಕದಲ್ಲಿ 4 ಜಿಬಿ ಕಾರ್ಡಿನಲ್ಲಿ ತೊಂಬತ್ತರ ಹತ್ತಿರ ಪಾಠ ಹಿಡಿಯುತ್ತದೆ.

ಗಣಿತ_ಮಿಸ್ (ಮೂರು ವಾರದ ನಂತರ)

ಏನು ಮಾಡಿದೆ ಅಂತ ಹೇಳಲು ಬಂದೆ. ನೀವೆಲ್ಲ ಇಷ್ಟು ಹೊತ್ತು ಕೊಟ್ಟಿದ್ದೀರಿ.

ಮೊದಲು ಮಕ್ಕಳನ್ನೇ ಕೇಳಿದೆ. ನಾಲ್ಕು ಪ್ರಶ್ನೆ: ಫೋನ್ ಯಾರದು, ಎಷ್ಟು ಹೊತ್ತಿಗೆ ಸಿಗುತ್ತದೆ, ದಿನಕ್ಕೆ ಎಷ್ಟು ಡೇಟಾ, ಜಾಗ ಎಷ್ಟು ಖಾಲಿ ಇದೆ. 43ರಲ್ಲಿ 28 ಮಕ್ಕಳಿಗೆ ಫೋನ್ ಸಿಗುವುದು ರಾತ್ರಿ ಮಾತ್ರ. ಆರು ಮಕ್ಕಳ ಊರಲ್ಲಿ ಸಿಗ್ನಲ್ಲೇ ಸರಿಯಾಗಿಲ್ಲ. ಇದನ್ನು ನೋಡಿದ ಮೇಲೆ ಯಾವ ಆ್ಯಪ್ ಎಂಬ ಪ್ರಶ್ನೆ ಸುಮಾರು ತಾನಾಗಿಯೇ ಬಗೆಹರಿಯಿತು.

ಲ್ಯಾಪ್‌ಟಾಪ್ ಬಿಟ್ಟೆ. ಸ್ಕೇಲಿನ ಮೇಲೆ ಫೋನ್ ಮಲಗಿಸಿ ನೋಟ್‌ಬುಕ್ಕಿನಲ್ಲೇ ಬರೆಯುತ್ತೇನೆ. ಫೋನಿಗೆ ಬ್ಯಾಟರಿ ಇದೆ, ಕರೆಂಟ್ ಹೋದರೆ ಚಿಂತೆಯಿಲ್ಲ. ಒಬಿಎಸ್ ಅನ್ನು ರೇಖಾಚಿತ್ರ ತೋರಿಸುವ ಪಾಠಗಳಿಗೆ ಮಾತ್ರ ಬಳಸುತ್ತೇನೆ, ಎಂಕೆವಿಯಲ್ಲೇ. ಒಂದು ಲೆಕ್ಕಕ್ಕೆ ಒಂದು ವಿಡಿಯೋ. ಚಿಕ್ಕದ್ದು ಐದು ನಿಮಿಷ, ದೊಡ್ಡದ್ದು ಹದಿಮೂರು. ಹ್ಯಾಂಡ್‌ಬ್ರೇಕ್‌ನಲ್ಲಿ ಇಳಿಸಿದ ಮೇಲೆ ಯಾವುದೂ 60 ಎಂಬಿ ದಾಟಿಲ್ಲ. ಟೆಲಿಗ್ರಾಂ ಚಾನೆಲ್‌ನಲ್ಲಿ ಹಾಕುತ್ತೇನೆ, ಅದೇ ವಿಡಿಯೋ ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಆಗಿಯೂ ಇರುತ್ತದೆ, ಫೋನಿನಲ್ಲಿ ಜಾಗ ಇಲ್ಲದವರಿಗೆ. ಆ ಆರು ಮಕ್ಕಳಿಗೆ ಶನಿವಾರ ಶಾಲೆಗೆ ಬಂದಾಗ ಮೆಮೊರಿ ಕಾರ್ಡಿಗೆ ಹಾಕಿಕೊಡುತ್ತೇನೆ. ಎಲ್ಲ ಫೈಲಿಗೂ ಹೆಸರು ಇದೆ: ಪಾಠ, ಭಾಗ, ಲೆಕ್ಕ.

ಒಂದು ವಿಷಯ ನಾನು ಎಣಿಸಿರಲಿಲ್ಲ. ಒಬ್ಬ ಹುಡುಗ ಬೆಳಗ್ಗೆ ಹಾಲು ಹಾಕಲು ಡೈರಿಗೆ ನಡೆದು ಹೋಗುವಾಗ ಪಾಠ ಕೇಳುತ್ತಾನಂತೆ. ಫೋನ್ ಜೇಬಿನಲ್ಲಿ, ಕಿವಿಗೆ ಇಯರ್‌ಫೋನ್. "ಮಿಸ್, ನೀವು 'ಇದನ್ನು ಇಲ್ಲಿಗೆ ತನ್ನಿ' ಅಂತೀರಿ, ಯಾವುದನ್ನು ಎಲ್ಲಿಗೆ ಅಂತ ಗೊತ್ತಾಗಲ್ಲ" ಅಂದ. ಆಮೇಲಿನಿಂದ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳುತ್ತೇನೆ. 'ಮೈನಸ್ ಆರನ್ನು ಸಮ ಚಿಹ್ನೆಯ ಆಚೆಗೆ ತಂದರೆ ಪ್ಲಸ್ ಆರು' ಅಂತ. ನೋಡುತ್ತಾ ಕೇಳುವ ಮಕ್ಕಳೂ ಈಗ ಚೆನ್ನಾಗಿ ಅರ್ಥ ಆಗುತ್ತದೆ ಅನ್ನುತ್ತಿದ್ದಾರೆ.

ಹಿಂದಿನ_ಬೆಂಚು

ಮಿಸ್, ತ್ರಿಕೋನಮಿತಿ ಯಾವಾಗ? ನನ್ನ ತಮ್ಮನಿಗೂ ಅದೇ ಕಷ್ಟ. ಚಾನೆಲ್‌ಗೆ ಅವನನ್ನು ಸೇರಿಸಬಹುದಾ?

ಗಣಿತ_ಮಿಸ್

ಖಂಡಿತ ಸೇರಿಸಿ. ಮೊದಲ ತುಂಡು ಭಾನುವಾರ ಬೆಳಗ್ಗೆ ಐದೂವರೆಗೆ ರೆಕಾರ್ಡ್ ಮಾಡುತ್ತೇನೆ. ಆ ಹೊತ್ತಿಗೆ ಫ್ಯಾನ್ ಬೇಡ, ಬೀದಿಯಲ್ಲಿ ಗಾಡಿ ಓಡಾಟವೂ ಇರುವುದಿಲ್ಲ. ಸೈನ್, ಕಾಸ್, ಟ್ಯಾನ್ ಮೂರನ್ನೂ ಮನೆಯ ಮುಂದಿನ ತೆಂಗಿನ ಮರದ ನೆರಳು ಅಳೆದು ಶುರು ಮಾಡಬೇಕೆಂದಿದ್ದೇನೆ. ನೆರಳು ಬೀಳಲು ಬಿಸಿಲು ಬೇಕು, ಆ ಭಾಗ ಮಾತ್ರ ಎಂಟು ಗಂಟೆಗೆ ಹೊರಗೆ ತೆಗೆಯುತ್ತೇನೆ. ಗಾಳಿ ಮೈಕಿಗೆ ಬಡಿಯದ ಹಾಗೆ ಏನು ಮಾಡಬೇಕು ಧ್ವನಿಪ್ರಿಯ ಅವರೇ?

ಧ್ವನಿಪ್ರಿಯ

ಮೈಕಿನ ಮೇಲೆ ಸ್ಪಂಜಿನ ಒಂದು ಚೂರು, ಅದರ ಮೇಲೆ ಉಣ್ಣೆಯ ಹಳೇ ಟೋಪಿಯ ತುಂಡು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಗಾಳಿಗೆ ಬೆನ್ನು ಕೊಟ್ಟು ನಿಂತುಕೊಳ್ಳಿ. ಶನಿವಾರವೇ ಒಂದು ನಿಮಿಷ ಪ್ರಯತ್ನ ಮಾಡಿ ಇಲ್ಲಿ ಹಾಕಿ, ಕೇಳಿ ಹೇಳುತ್ತೇನೆ.